ಹುಟ್ಟಿನಿಂದ ಬರುವ ಕೊಲೆಸ್ಟ್ರಾಲ್, ರಕ್ತ ಸೋಸುವ ಚಿಕಿತ್ಸೆ ಮತ್ತು ಉರಿಯೂತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ನನ್ನ ಅಕ್ಕನ ಮಗನಿಗೆ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ವಿಪರೀತ, ಅವನಿಗೆ ಅಫೆರೆಸಿಸ್, ಅಂದರೆ ರಕ್ತ ಸೋಸಿ ಕೊಲೆಸ್ಟ್ರಾಲ್ ತೆಗೆಯುವ ಚಿಕಿತ್ಸೆ, ನಡೆಯುತ್ತಿದೆ. ಹಾಗಾಗಿ ಈ ರಿಪೋರ್ಟುಗಳನ್ನು ಲ್ಯಾಬಿನಲ್ಲೂ ನೋಡುತ್ತೇನೆ, ಮನೆಯಲ್ಲೂ ನೋಡುತ್ತೇನೆ. ಈ ಚಿಕಿತ್ಸೆಯಲ್ಲಿರುವವರ ಮನೆಯವರು ಮೊದಲೆಲ್ಲ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟು ಅಂತ ಮಾತ್ರ ಕೇಳುತ್ತಿದ್ದರು. ಈಗ ಎಲ್ಲರೂ ಕೇಳುವುದು ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಬಗ್ಗೆ, ಉರಿಯೂತದ ಬಗ್ಗೆ. ಅದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ. ಓದಿ, ಆಮೇಲೆ ನಿಮ್ಮ ಡಾಕ್ಟರ ಹತ್ತಿರ ಕೂತು ಕೇಳಿ. ಇದನ್ನು ನೋಡಿ ಮಾತ್ರೆ ಬದಲಿಸುವುದು, ಸೆಶನ್ ಬಿಡುವುದು ಮಾತ್ರ ಬೇಡ.

ಇದೂ ಮಾಮೂಲಿ ಕೊಲೆಸ್ಟ್ರಾಲೇ ಅಲ್ವಾ? ಎಣ್ಣೆ, ಮಾಂಸ ಬಿಟ್ಟರೆ ಸಾಲದಾ?

ಸಾಲದು. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಕೆಲಸ ಮುಖ್ಯವಾಗಿ ಲಿವರಿನದ್ದು. ಅದಕ್ಕೆ ಲಿವರಿನ ಜೀವಕೋಶಗಳ ಮೇಲೆ ರಿಸೆಪ್ಟರ್ ಅಂತ ಇರುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಈ ಕಾಯಿಲೆಯಲ್ಲಿ ಆ ರಿಸೆಪ್ಟರಿನ ಜೀನೇ ಕೆಟ್ಟಿರುತ್ತದೆ. ಕೆಲವರಲ್ಲಿ ಅದಕ್ಕೆ ಸಂಬಂಧಪಟ್ಟ ಬೇರೆ ಜೀನ್ ಕೆಟ್ಟಿರುತ್ತದೆ.

ಅಪ್ಪ ಅಥವಾ ಅಮ್ಮ, ಒಬ್ಬರಿಂದ ಮಾತ್ರ ಕೆಟ್ಟ ಜೀನ್ ಬಂದರೆ ಎಲ್‌ಡಿಎಲ್ ಸಾಧಾರಣವಾಗಿ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿರುತ್ತದೆ. ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದು ಇದೆ ಅನ್ನುತ್ತಾರೆ, ಅಂದರೆ ಅಪರೂಪದ್ದೇನೂ ಅಲ್ಲ. ಇಬ್ಬರಿಂದಲೂ ಬಂದರೆ ಕಥೆಯೇ ಬೇರೆ. ಎಲ್‌ಡಿಎಲ್ 400, 500, ಕೆಲವೊಮ್ಮೆ ಇನ್ನೂ ಜಾಸ್ತಿ. ಚಿಕ್ಕ ಮಕ್ಕಳಿಗೇ ಮೊಣಕೈ, ಮೊಣಕಾಲು, ಬೆರಳ ಗಿಣ್ಣು, ಹಿಮ್ಮಡಿಯ ಹಿಂದಿನ ನರದ (ಟೆಂಡನ್) ಮೇಲೆ ಹಳದಿ ಗಂಟು ಏಳುತ್ತವೆ, ಚಿಕಿತ್ಸೆ ಆಗದಿದ್ದರೆ ಹದಿಹರೆಯದಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದು. ಅದು ಮಗು ತಿಂದ ಗೋಳಿಬಜೆಯಿಂದ ಬಂದದ್ದಲ್ಲ. ನಮ್ಮ ಅಕ್ಕನಿಗೆ ಎಷ್ಟೋ ಜನ "ನೀವೇ ತಿನ್ನಿಸಿ ತಿನ್ನಿಸಿ ಹೀಗಾಯ್ತು" ಅಂದಿದ್ದಾರೆ. ದಯವಿಟ್ಟು ಯಾವ ತಾಯಿಗೂ ಈ ಮಾತು ಹೇಳಬೇಡಿ.

ರಕ್ತ ಸೋಸುವುದು ಅಂದರೆ ಡಯಾಲಿಸಿಸ್ಸಾ?

ನೋಡುವುದಕ್ಕೆ ಹಾಗೇ ಕಾಣುತ್ತದೆ. ಒಂದು ಕೈಯಿಂದ ರಕ್ತ ಹೊರಗೆ, ಯಂತ್ರದೊಳಗೆ ಹೋಗಿ ಇನ್ನೊಂದು ಕೈಗೆ ವಾಪಸ್. ಕೆಲವರಿಗೆ ಡಯಾಲಿಸಿಸ್‌ನವರ ಹಾಗೆ ಕೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ. ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಆದರೆ ಇಲ್ಲಿ ತೆಗೆಯುವುದು ಯೂರಿಯಾ, ನೀರು ಅಲ್ಲ. ಎಲ್‌ಡಿಎಲ್, ಮತ್ತು ಅದರ ಜೊತೆಗೆ ಎಲ್‌ಪಿ-ಎ ಅನ್ನುವ ಇನ್ನೊಂದು ಕೊಬ್ಬಿನ ಕಣ.

ವಿಧಾನಗಳು ಹಲವು ಇವೆ. ಉರಿಯೂತದ ಪ್ರಶ್ನೆಗೆ ಇದೇ ಮುಖ್ಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೆಕ್ಸ್‌ಟ್ರಾನ್ ಸಲ್ಫೇಟ್ ಕಾಲಮ್ಮಿನಲ್ಲಿ (ಕಾಲಮ್ ಅಂದರೆ ಮಣಿ ತುಂಬಿದ ಕೊಳವೆ) ಋಣ ವಿದ್ಯುತ್ ಇರುವ ಮಣಿಗಳಿಗೆ ಎಲ್‌ಡಿಎಲ್ ಅಂಟಿಕೊಳ್ಳುತ್ತದೆ. ಹೆಲ್ಪ್ ಅನ್ನುವ ವಿಧಾನದಲ್ಲಿ ಪ್ಲಾಸ್ಮಾವನ್ನು (ರಕ್ತದ ದ್ರವ ಭಾಗ) ಬೇರೆ ಮಾಡಿ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಸೇರಿಸಿ, ಆಮ್ಲೀಯ ಮಾಡುತ್ತಾರೆ. ಆಗ ಎಲ್‌ಡಿಎಲ್, ಎಲ್‌ಪಿ-ಎ, ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಪ್ರೋಟೀನ್) ಮೂರೂ ಒಟ್ಟಿಗೆ ಗಟ್ಟಿಯಾಗಿ ತಳ ಹಿಡಿಯುತ್ತವೆ, ಅದನ್ನು ಸೋಸಿ ಬಿಸಾಡುತ್ತಾರೆ. ಡಬಲ್ ಫಿಲ್ಟ್ರೇಶನ್ನಿನಲ್ಲಿ ಕಣದ ಗಾತ್ರ ನೋಡಿ ಸೋಸುತ್ತಾರೆ, ದೊಡ್ಡದು ಫಿಲ್ಟರಿನಲ್ಲಿ ಉಳಿಯುತ್ತದೆ, ಸಣ್ಣದು ವಾಪಸ್ ಹೋಗುತ್ತದೆ. ಡಾಲಿ ಅನ್ನುವುದರಲ್ಲಿ ಪ್ಲಾಸ್ಮಾ ಬೇರೆ ಮಾಡದೆ ಇಡೀ ರಕ್ತವನ್ನೇ ಕಾಲಮ್ಮಿನ ಮೂಲಕ ಹಾಯಿಸುತ್ತಾರೆ. ಇವೆಲ್ಲ ಇಲ್ಲದ ಕಡೆ ಹಳೆಯ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡುತ್ತಾರೆ, ಪ್ಲಾಸ್ಮಾ ಪೂರ್ತಿ ತೆಗೆದು ಆಲ್ಬುಮಿನ್ ಅನ್ನುವ ಪ್ರೋಟೀನ್ ದ್ರಾವಣ ಕೊಡುವುದು. ಅದರಲ್ಲಿ ಬೇಡದ್ದರ ಜೊತೆ ಬೇಕಾದ್ದೂ ಹೋಗುತ್ತದೆ.

ಯಾವ ವಿಧಾನವಾದರೂ ಒಂದು ಸೆಶನ್ನಿಗೆ ಎಲ್‌ಡಿಎಲ್ ಸಾಧಾರಣ 60ರಿಂದ 75 ಶೇಕಡಾ ಇಳಿಯುತ್ತದೆ. ಆಮೇಲೆ ಮತ್ತೆ ಏರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಮಾಡಬೇಕು. ದೋಣಿಯ ತೂತು ಮುಚ್ಚುವುದಕ್ಕೆ ಆಗದಿದ್ದಾಗ ನೀರು ಎತ್ತಿ ಎತ್ತಿ ಹೊರಗೆ ಹಾಕುತ್ತಾ ಇರಬೇಕಲ್ಲ, ಹಾಗೆ.

ಕೊಲೆಸ್ಟ್ರಾಲ್‌ಗೂ ಉರಿಯೂತಕ್ಕೂ ಏನು ಸಂಬಂಧ? ನಮ್ಮ ಹುಡುಗನಿಗೆ ನೋವು, ಬಾವು ಏನೂ ಇಲ್ಲ.

ಈ ಉರಿಯೂತ ಹೊರಗೆ ಕಾಣುವುದಿಲ್ಲ. ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿ ಇದ್ದಾಗ ಅದು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ, ಅಲ್ಲಿ ಆಕ್ಸಿಡೈಸ್ ಆಗುತ್ತದೆ. ದೇಹ ಅದನ್ನು ಹೊರಗಿನ ವಸ್ತು ಅಂತ ತಿಳಿದು ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಅವು ಕೊಬ್ಬನ್ನು ನುಂಗಿ ನುಂಗಿ ಉಬ್ಬಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಒಳಗೆ ಕೊಲೆಸ್ಟ್ರಾಲ್ ಹರಳುಗಟ್ಟಿದಾಗ ಆ ಕಣಗಳು ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ ಸಂದೇಶ ಬಿಡುತ್ತವೆ. ಅದರಿಂದ ಇಂಟರ್‌ಲ್ಯೂಕಿನ್-6 ಏರುತ್ತದೆ. ಅದು ಲಿವರಿಗೆ ತಲುಪಿ, ಲಿವರ್ ಸಿಆರ್‌ಪಿ ಮತ್ತು ಫೈಬ್ರಿನೋಜೆನ್ ಜಾಸ್ತಿ ತಯಾರಿಸುತ್ತದೆ. ನಾವು ಲ್ಯಾಬಿನಲ್ಲಿ ಅಳೆಯುವ ಸಿಆರ್‌ಪಿ ಈ ಸರಪಳಿಯ ಕೊನೆಯ ಕೊಂಡಿ.

ಉರಿಯೂತಕ್ಕೇ ಪ್ರತ್ಯೇಕ ಪಾತ್ರ ಉಂಟು ಅನ್ನುವುದಕ್ಕೆ ಬಲವಾದ ಸಾಕ್ಷಿ 2017ರ ಕ್ಯಾಂಟೋಸ್ ಅಧ್ಯಯನ. ಮೊದಲೇ ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದ 10 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಇಂಜೆಕ್ಷನ್ ಕೊಟ್ಟರು. ಎಲ್‌ಡಿಎಲ್ ಬದಲಾಗಲಿಲ್ಲ. ಆದರೂ ಮಧ್ಯಮ ಡೋಸ್ ಪಡೆದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದ್ರೋಗದ ಸಾವು ಸೇರಿ ಸುಮಾರು 15 ಶೇಕಡಾ ಕಡಿಮೆಯಾದವು. ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಪ್ರಾಣ ತೆಗೆಯುವ ಸೋಂಕುಗಳು ಆ ಇಂಜೆಕ್ಷನ್ ಪಡೆದವರಲ್ಲಿ ಜಾಸ್ತಿಯಾದವು. ಉರಿಯೂತ ನಮ್ಮ ಶತ್ರು ಮಾತ್ರ ಅಲ್ಲ, ಸೋಂಕು ಬಂದಾಗ ಕಾಯುವುದೂ ಅದೇ.

ಸರಿ, ಸೆಶನ್ ಆದ ಮೇಲೆ ಉರಿಯೂತ ನಿಜವಾಗಿ ಇಳಿಯುತ್ತದಾ?

ರಕ್ತದಲ್ಲಿ ಅಳೆಯುವ ಸೂಚಕಗಳು ಇಳಿಯುತ್ತವೆ, ಇದರಲ್ಲಿ ಅನುಮಾನ ಇಲ್ಲ. ಸೆಶನ್ನಿನ ಮೊದಲು ಮತ್ತು ನಂತರ ರಕ್ತ ತೆಗೆದು ನೋಡಿದ ಅಧ್ಯಯನಗಳಲ್ಲಿ ಸಿಆರ್‌ಪಿ ಕಡಿಮೆಯಾಗಿದೆ, ಕೆಲವು ವಿಧಾನಗಳಲ್ಲಿ ಅರ್ಧಕ್ಕಿಂತಲೂ ಜಾಸ್ತಿ. ಫೈಬ್ರಿನೋಜೆನ್ ಹೆಲ್ಪ್ ವಿಧಾನದಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಹೋಗುತ್ತದೆ, ಇಡೀ ರಕ್ತ ಹಾಯಿಸುವ ವಿಧಾನದಲ್ಲಿ ಸ್ವಲ್ಪವೇ ಹೋಗುತ್ತದೆ. ಆಕ್ಸಿಡೈಸ್ ಆದ ಎಲ್‌ಡಿಎಲ್, ಆಕ್ಸಿಡೈಸ್ ಆದ ಕೊಬ್ಬನ್ನು ಹೊತ್ತು ತಿರುಗುವ ಎಲ್‌ಪಿ-ಎ, ಬಿಳಿ ಕಣಗಳು ನಾಳದ ಗೋಡೆಗೆ ಅಂಟುವುದಕ್ಕೆ ಕಾರಣವಾಗುವ ಕೆಲವು ಅಣುಗಳು, ಇವೂ ಇಳಿದದ್ದು ಕಂಡಿದೆ. ಇಂಟರ್‌ಲ್ಯೂಕಿನ್-6ರಂಥ ಸಣ್ಣ ಪ್ರೋಟೀನುಗಳ ವಿಷಯದಲ್ಲಿ ಮಾತ್ರ ಒಂದೊಂದು ಅಧ್ಯಯನ ಒಂದೊಂದು ಹೇಳುತ್ತದೆ. ಅವನ್ನು ಹಿಡಿಯುವುದಕ್ಕೆ ಈ ಕಾಲಮ್ಮುಗಳನ್ನು ಮಾಡಿಲ್ಲ ಅಲ್ವಾ.

ಈಗ ಇದರಲ್ಲಿ ಎರಡು ವಿಷಯ ಬೆರೆತಿದೆ, ಬೇರೆ ಬೇರೆ ಮಾಡಿ ನೋಡಿ. ಮೊದಲನೆಯದು, ಸಿಆರ್‌ಪಿಯನ್ನು ಯಂತ್ರ ಎತ್ತಿ ಹೊರಗೆ ಹಾಕಿದೆ. ಅದು ಎಲ್‌ಡಿಎಲ್ ಕಣಕ್ಕೂ ಅಂಟುತ್ತದೆ, ಕಾಲಮ್ಮಿಗೂ ಅಂಟುತ್ತದೆ. ಹಾಗಾಗಿ ಸಂಜೆಯ ರಿಪೋರ್ಟಿನಲ್ಲಿ ಕಡಿಮೆ ಕಾಣುತ್ತದೆ. ಅಷ್ಟಕ್ಕೇ ರಕ್ತನಾಳದ ಗೋಡೆಯೊಳಗಿನ ಉರಿ ತಣ್ಣಗಾಯಿತು ಅಂತ ಅರ್ಥ ಅಲ್ಲ. ಎರಡನೆಯದು, ವಾರ ವಾರ, ವರ್ಷ ವರ್ಷ ಎಲ್‌ಡಿಎಲ್ ಕೆಳಗೆ ಇಟ್ಟರೆ ಗೋಡೆಯೊಳಗೆ ಹೋಗುವ ಕೊಬ್ಬೇ ಕಡಿಮೆಯಾಗುತ್ತದೆ, ಉರಿಗೆ ಕಾರಣವೇ ಕಡಿಮೆಯಾಗುತ್ತದೆ. ನಿಜವಾದ ಲಾಭ ಇದು. ಇದು ಒಂದು ದಿನದ ಸಿಆರ್‌ಪಿಯಲ್ಲಿ ಕಾಣುವುದಿಲ್ಲ. ಹಳದಿ ಗಂಟು ನಿಧಾನವಾಗಿ ಕರಗುವುದರಲ್ಲಿ, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಹೃದಯದ ವಾಲ್ವ್ ಇನ್ನಷ್ಟು ಕೆಡದೆ ಇರುವುದರಲ್ಲಿ, ಎದೆನೋವು ಬಾರದೆ ಇರುವುದರಲ್ಲಿ ಕಾಣುತ್ತದೆ.

ಫೈಬ್ರಿನೋಜೆನ್ ಇಳಿಯುವುದಕ್ಕೆ ಮಾತ್ರ ಆ ಹೊತ್ತಿಗೇ ಒಂದು ಪರಿಣಾಮ ಉಂಟು. ರಕ್ತದ ಮಂದತನ ಕಡಿಮೆಯಾಗಿ ಸಣ್ಣ ನಾಳಗಳಲ್ಲಿ ಹರಿವು ಸಲೀಸಾಗುತ್ತದೆ. ಕೆಲವರು ಸೆಶನ್ ಆದ ಮರುದಿನ ಮೈ ಹಗುರ ಅನ್ನುತ್ತಾರೆ, ಕೆಲವರು ಸುಸ್ತು ಅನ್ನುತ್ತಾರೆ. ಎರಡೂ ನಿಜ ಇರಬಹುದು.

ಇಳಿದದ್ದು ಎಷ್ಟು ದಿನ ಹಾಗೇ ಇರುತ್ತದೆ?

ಸಿಆರ್‌ಪಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವ ವಸ್ತು ಅಲ್ಲ. ಸುಮಾರು 19 ಗಂಟೆಗೆ ಅರ್ಧ ಖಾಲಿ. ಲಿವರ್ ಹೊಸತು ಹಾಕುತ್ತಲೇ ಇರುತ್ತದೆ. ಹಾಗಾಗಿ ಒಂದೆರಡು ದಿನದಲ್ಲಿ ಅದು ದೇಹ ಎಷ್ಟು ತಯಾರಿಸುತ್ತಿದೆಯೋ ಆ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಫೈಬ್ರಿನೋಜೆನ್‌ಗೆ ಇನ್ನೂ ಕೆಲವು ದಿನ ಬೇಕು. ಎಲ್‌ಡಿಎಲ್ ಏರುವುದಕ್ಕೆ ಒಂದರಿಂದ ಎರಡು ವಾರ, ಮೊದಲ ದಿನಗಳಲ್ಲಿ ಏರುವ ವೇಗ ಜಾಸ್ತಿ.

"ಏನ್ರೀ, ಇಷ್ಟು ಕಷ್ಟಪಟ್ಟು ಮಾಡಿಸಿದ್ದು ಎರಡೇ ದಿನಕ್ಕಾ" ಅಂತ ಬೇಜಾರಾಗಬೇಡಿ. ಎರಡು ದಿನಕ್ಕೆ ವಾಪಸ್ ಬರುವುದು ಸಿಆರ್‌ಪಿ. ನಾವು ಹೋಗುವುದು ಎಲ್‌ಡಿಎಲ್ ತೆಗೆಸುವುದಕ್ಕೆ.

ರಕ್ತ ಪ್ಲಾಸ್ಟಿಕ್ ಪೈಪು, ಯಂತ್ರ ಎಲ್ಲ ಸುತ್ತಿ ಬರುತ್ತದೆ. ಅದರಿಂದಲೇ ಉರಿಯೂತ ಬರುವುದಿಲ್ವಾ?

ಒಳ್ಳೆಯ ಪ್ರಶ್ನೆ, ಹೆಚ್ಚಿನವರು ಕೇಳುವುದಿಲ್ಲ. ರಕ್ತ ಹೊರಗಿನ ಯಾವ ಮೇಲ್ಮೈ ಮುಟ್ಟಿದರೂ ಸ್ವಲ್ಪ ಎಚ್ಚರಗೊಳ್ಳುತ್ತದೆ. ಕಾಂಪ್ಲಿಮೆಂಟ್ ಅನ್ನುವ ರಕ್ಷಣಾ ಪ್ರೋಟೀನುಗಳು ಚುರುಕಾಗುತ್ತವೆ, ಬಿಳಿ ಕಣಗಳ ಎಣಿಕೆ ಸೆಶನ್ ನಡುವೆ ಸ್ವಲ್ಪ ಏರುಪೇರಾಗುತ್ತದೆ. ಆದರೆ ಹಾಗೆ ಹುಟ್ಟಿದ ಕಾಂಪ್ಲಿಮೆಂಟ್ ತುಣುಕುಗಳನ್ನು ಕೆಲವು ಕಾಲಮ್ಮುಗಳು ತಾವೇ ಹಿಡಿದುಕೊಳ್ಳುತ್ತವೆ. ಒಟ್ಟು ಲೆಕ್ಕ ಹಾಕಿದರೆ ತೆಗೆದದ್ದೇ ಜಾಸ್ತಿ. ಈ ಕಾರಣಕ್ಕೆ ಚಿಕಿತ್ಸೆಗೆ ಹೆದರಬೇಕಾಗಿಲ್ಲ.

ಹೆದರಬೇಕಾದ ವಿಷಯ ಬೇರೆ ಇದೆ. ಕುತ್ತಿಗೆಗೆ ಹಾಕಿದ ಕ್ಯಾಥೆಟರ್ ಇದ್ದರೆ ಅದರ ಸೋಂಕು. ಚಳಿ ನಡುಕ ಬಂತು, ಹಾಕಿದ ಜಾಗ ಕೆಂಪಾಗಿದೆ, ಕೀವು ಇದೆ ಅಂದರೆ ನಾಳೆ ನೋಡುವಾ ಅನ್ನಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಬಿಪಿ ಮಾತ್ರೆ ಯಾವುದು ಅಂತ ಯಾಕೆ ಅಷ್ಟು ಸಲ ಕೇಳುತ್ತಾರೆ?

ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ "ಪ್ರಿಲ್" ಅಂತ ಮುಗಿಯುವ ಮಾತ್ರೆ ತೆಗೆದುಕೊಂಡು ಋಣ ವಿದ್ಯುತ್ ಇರುವ ಕಾಲಮ್ಮಿಗೆ ಹೋದರೆ ಅಪಾಯ. ಆ ಮಣಿಗಳನ್ನು ಮುಟ್ಟಿದ ರಕ್ತದಲ್ಲಿ ಬ್ರ್ಯಾಡಿಕೈನಿನ್ ಹುಟ್ಟುತ್ತದೆ. ಅದೂ ಉರಿಯೂತದ ಬಳಗದ್ದೇ, ನಾಳಗಳನ್ನು ಹಿಗ್ಗಿಸುತ್ತದೆ. ಮಾಮೂಲಿಯಾಗಿ ದೇಹ ಅದನ್ನು ಕ್ಷಣದಲ್ಲಿ ಒಡೆದುಹಾಕುತ್ತದೆ, ಆದರೆ ಆ ಒಡೆಯುವ ಕಿಣ್ವವನ್ನೇ ಈ ಮಾತ್ರೆ ತಡೆದಿರುತ್ತದೆ. ಮುಖ ಕೆಂಪೇರಿ, ಬಿಪಿ ಧಡಕ್ಕನೆ ಬಿದ್ದು, ಉಸಿರು ಕಟ್ಟಿ, ಜೀವಕ್ಕೇ ಅಪಾಯ ಆಗಬಹುದು. ಹಾಗಾಗಿ ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಮೆಡಿಕಲ್‌ನವರು ಬೇರೆ ಕಂಪೆನಿಯದ್ದು ಕೊಟ್ಟಿದ್ದರೆ ಅದನ್ನೂ ಹೇಳಿ. ಡಾಕ್ಟರು ಬೇರೆ ಗುಂಪಿನ ಮಾತ್ರೆಗೆ ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ಸೆಶನ್ ನಡುವೆ ತುಟಿ, ಬೆರಳು ಜುಮ್ ಜುಮ್ ಅಂದರೆ ಅದು ಬೇರೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಹಾಗಾಗುತ್ತದೆ. ಕೂಡಲೇ ಸಿಸ್ಟರ್‌ಗೆ ಹೇಳಿದರೆ ಸರಿ ಮಾಡುತ್ತಾರೆ. ಮಕ್ಕಳು ಹೇಳದೆ ಸುಮ್ನೆ ಮಲಗಿರುತ್ತಾರೆ, ನೀವೇ ಕೇಳುತ್ತಾ ಇರಿ.

ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು? ಪ್ರತಿ ಸಲ ಬೇರೆ ಬೇರೆ ನಂಬರ್ ಬರುತ್ತದೆ.

ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಒಂದೇ ಕೈಯಲ್ಲಿ ಎರಡು ರಿಪೋರ್ಟ್ ಹಿಡಿದು ಹೋಲಿಸುವ ಮೊದಲು ಅವು ಸೆಶನ್ನಿನ ಮೊದಲಿನದ್ದಾ, ನಂತರದ್ದಾ, ನಡುವಿನ ದಿನದ್ದಾ ಅಂತ ನೋಡಿ. ಹೋದ ತಿಂಗಳ "ನಂತರ"ವನ್ನು ಈ ತಿಂಗಳ "ಮೊದಲು" ಜೊತೆ ಹೋಲಿಸಿದರೆ ಎಲ್ಲ ಕೆಟ್ಟಿತು ಅನ್ನಿಸುತ್ತದೆ, ಏನೂ ಕೆಟ್ಟಿರುವುದಿಲ್ಲ. ರಿಪೋರ್ಟಿನ ಮೂಲೆಯಲ್ಲಿ ಪೆನ್ನಿನಲ್ಲೇ ಬರೆದಿಡಿ. ಉರಿಯೂತದ ನಿಜವಾದ ಮಟ್ಟ ಬೇಕಾದರೆ ಸೆಶನ್ನಿನ ಮೊದಲಿನ ಸ್ಯಾಂಪಲ್ಲೇ ನೋಡಬೇಕು, ಯಾಕಂದರೆ ನಂತರದ್ದು ಯಂತ್ರ ಎಷ್ಟು ತೆಗೆಯಿತು ಅನ್ನುವುದನ್ನು ಮಾತ್ರ ಹೇಳುತ್ತದೆ.

ಸಿಆರ್‌ಪಿ ಟೆಸ್ಟಿನಲ್ಲಿ ಎರಡು ಬಗೆ. ಮಾಮೂಲಿ ಸಿಆರ್‌ಪಿ ಸೋಂಕು ಹುಡುಕುವುದಕ್ಕೆ. ಹೃದಯದ ಲೆಕ್ಕಕ್ಕೆ ಬೇಕಾದ್ದು ಎಚ್‌ಎಸ್-ಸಿಆರ್‌ಪಿ, ಅದು ಸಣ್ಣ ಸಣ್ಣ ಪ್ರಮಾಣವನ್ನೂ ಅಳೆಯುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಜಾಸ್ತಿ. 10 ದಾಟಿದ್ದರೆ ಹೃದಯದ ಲೆಕ್ಕ ಬಿಡಿ, ಎಲ್ಲೋ ಸೋಂಕೋ ಗಾಯವೋ ಇದೆ, ಅದನ್ನು ಹುಡುಕಿ, ವಾಸಿಯಾಗಿ ಎರಡು ವಾರ ಆದ ಮೇಲೆ ಮತ್ತೆ ಮಾಡಿಸಿ. ಇನ್ನೊಂದು ವಿಷಯ, ಕೆಲವು ಲ್ಯಾಬ್ ಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರ್ ಲೆಕ್ಕದಲ್ಲಿ. 0.4 ಮತ್ತು 4 ಒಂದೇ ಆಗಿರಬಹುದು. ಉಡುಪಿಯಲ್ಲೊಮ್ಮೆ ಮಂಗಳೂರಿನಲ್ಲೊಮ್ಮೆ ಮಾಡಿಸುವವರು ಇದನ್ನು ನೋಡಲೇಬೇಕು.

ಎಲ್‌ಡಿಎಲ್‌ಗೂ ಒಂದು ಲೆಕ್ಕ ಉಂಟು. ಸೆಶನ್ ನಂತರದ ಸಂಖ್ಯೆ ನೋಡಿ ಖುಷಿಪಡುವುದು, ಮೊದಲಿನ ಸಂಖ್ಯೆ ನೋಡಿ ಹೆದರುವುದು, ಎರಡೂ ಸರಿಯಲ್ಲ. ನಡುವಿನ ದಿನಗಳ ಸರಾಸರಿ ಬೇಕು. ಅದಕ್ಕೆ ಬಳಸುವ ಸೂತ್ರ ಹೀಗಿದೆ: ಮೊದಲು ಮತ್ತು ನಂತರದ ವ್ಯತ್ಯಾಸವನ್ನು 0.73ರಿಂದ ಗುಣಿಸಿ, ನಂತರದ ಸಂಖ್ಯೆಗೆ ಕೂಡಿಸಿ. ಮೊದಲು 400, ನಂತರ 120 ಇದ್ದರೆ ವ್ಯತ್ಯಾಸ 280, ಗುಣಿಸಿದರೆ ಸುಮಾರು 204, ಕೂಡಿಸಿದರೆ 324. ನೋಡಿ, 120 ಅಂತ ಸಂತೋಷಪಟ್ಟ ಮನೆಯಲ್ಲಿ ಮಗುವಿನ ರಕ್ತನಾಳ ನಿಜವಾಗಿ ಅನುಭವಿಸುತ್ತಿರುವುದು 324. ಒಂದು ಸೆಶನ್ ತಪ್ಪಿಸಿದರೆ ಇನ್ನೂ ಜಾಸ್ತಿ. ಮದುವೆ ಉಂಟು, ಕೋಲ ಉಂಟು, ಪರೀಕ್ಷೆ ಉಂಟು ಅಂತ ಮುಂದೂಡುವ ಮೊದಲು ಈ ಲೆಕ್ಕ ಒಮ್ಮೆ ಮಾಡಿ.

ಸಿಆರ್‌ಪಿ ನಾರ್ಮಲ್ ಬಂದಿದೆ. ಇನ್ನು ಅಫೆರೆಸಿಸ್ ನಿಲ್ಲಿಸಬಹುದಾ?

ಬೇಡ. ಈ ಕಾಯಿಲೆ ಇರುವ ಎಷ್ಟೋ ಮಕ್ಕಳಿಗೆ ಸಿಆರ್‌ಪಿ ಮೊದಲಿನಿಂದಲೂ ಕಡಿಮೆಯೇ ಇರುತ್ತದೆ, ಆದರೂ ನಾಳ ಕಟ್ಟಿಕೊಳ್ಳುತ್ತದೆ. ಚಿಕಿತ್ಸೆ ಎಷ್ಟು ಸಲ ಅನ್ನುವುದನ್ನು ನಿರ್ಧರಿಸುವುದು ಎಲ್‌ಡಿಎಲ್, ಹೃದಯದ ಸ್ಥಿತಿ, ವಾಲ್ವಿನ ಸ್ಥಿತಿ.

ಉಲ್ಟಾ ಕೇಳುತ್ತೇನೆ. ಎಷ್ಟು ಸೆಶನ್ ಆದರೂ ಸಿಆರ್‌ಪಿ ಇಳಿಯುತ್ತಿಲ್ಲ. ಚಿಕಿತ್ಸೆ ನಾಟುತ್ತಿಲ್ವಾ?

ಎಲ್‌ಡಿಎಲ್ ಇಳಿಯುತ್ತಿದ್ದರೆ ನಾಟುತ್ತಿದೆ. ಸಿಆರ್‌ಪಿಗೆ ಬೇರೆ ಕಾರಣ ಹುಡುಕಿ. ನಾನು ಮೊದಲು ಕೇಳುವುದು ಹಲ್ಲಿನ ಬಗ್ಗೆ. ವಸಡಿನ ಸೋಂಕು ವರ್ಷಗಟ್ಟಲೆ ಸಿಆರ್‌ಪಿಯನ್ನು ಮೇಲೆ ಇಟ್ಟಿರುತ್ತದೆ, ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬರುತ್ತದೆ ಅಷ್ಟೇ ಅಂತ ಯಾರೂ ಹೇಳುವುದಿಲ್ಲ. ದೊಡ್ಡವರಾದರೆ ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು, ಆ ದುಡಿಮೆಗೆ ನನ್ನ ಗೌರವ ಇದೆ. ಆದರೆ ಈ ಕಾಯಿಲೆ ಇರುವ ಮನೆಯೊಳಗೆ ಬೀಡಿಯ ಹೊಗೆ ಇರಲೇಬಾರದು. ಸೊಂಟದ ಸುತ್ತ ಬೊಜ್ಜು, ಸರಿಯಾಗಿ ನಿದ್ದೆ ಇಲ್ಲದಿರುವುದು, ಸಂಧಿವಾತ, ಇವೂ ಸಿಆರ್‌ಪಿ ಏರಿಸುತ್ತವೆ. ಲಸಿಕೆ ಹಾಕಿಸಿದ ಮರುದಿನವೂ ಏರುತ್ತದೆ, ಅದು ತಾನಾಗಿ ಇಳಿಯುತ್ತದೆ.

ಹಿಮ್ಮಡಿಯ ನರದಲ್ಲಿ ಪದೇ ಪದೇ ನೋವು ಬಾವು ಬಂದರೆ ಅದನ್ನು ಮಾತ್ರ ಆಟ ಆಡಿ ಉಳುಕಿದ್ದು ಅಂತ ಬಿಡಬೇಡಿ. ಅಲ್ಲಿ ಸೇರಿಕೊಂಡ ಕೊಲೆಸ್ಟ್ರಾಲಿನ ಸುತ್ತ ಆಗುವ ಉರಿಯೂತ ಅದು ಇರಬಹುದು.

ಈಗ ಹೊಸ ಇಂಜೆಕ್ಷನ್ ಬಂದಿದೆಯಂತೆ. ಅದು ಹಾಕಿಸಿದರೆ ಯಂತ್ರ ಬೇಡ ಅಲ್ವಾ?

ಕೆಲವರಿಗೆ ಬೇಡ, ಕೆಲವರಿಗೆ ಬೇಕು. ಒಬ್ಬರಿಂದ ಮಾತ್ರ ಜೀನ್ ಬಂದವರಿಗೆ ಈ ಇಂಜೆಕ್ಷನ್ ತುಂಬ ಸಹಾಯ. 2016ರಲ್ಲಿ ಅಂಥ 62 ಜನರ ಮೇಲೆ ಅಲಿರೋಕುಮಾಬ್ ಅನ್ನುವ ಈ ಥರದ ಇಂಜೆಕ್ಷನ್ನಿನ ಅಧ್ಯಯನ ಮಾಡಿದರು, ಎಲ್ಲರೂ ಆಗಲೇ ಅಫೆರೆಸಿಸ್‌ನಲ್ಲಿದ್ದವರು. ಔಷಧ ಪಡೆದವರಲ್ಲಿ ಸುಮಾರು 63 ಶೇಕಡಾ ಜನರಿಗೆ ಆಮೇಲೆ ಸೆಶನ್ನೇ ಬೇಕಾಗಲಿಲ್ಲ. ಆದರೆ ಆ ಇಂಜೆಕ್ಷನ್ ಕೆಲಸ ಮಾಡುವುದು ರಿಸೆಪ್ಟರುಗಳನ್ನು ಉಳಿಸಿ. ರಿಸೆಪ್ಟರೇ ಇಲ್ಲದ ಮಗುವಿಗೆ ಉಳಿಸುವುದಕ್ಕೆ ಏನಿದೆ? ಅಂಥವರಿಗೆ ಬೇರೆ ದಾರಿಯಿಂದ ಕೆಲಸ ಮಾಡುವ ಎವಿನಾಕುಮಾಬ್ ಅನ್ನು ಅಮೆರಿಕದಲ್ಲಿ 2021ರಲ್ಲಿ ಒಪ್ಪಿದರು, ಅದು ಎಲ್‌ಡಿಎಲ್ ಅನ್ನು ಹೆಚ್ಚುಕಡಿಮೆ ಅರ್ಧ ಇಳಿಸುತ್ತದೆ. ಬೆಲೆ ಮತ್ತು ಸಿಗುವುದು ನಮಗೆ ದೊಡ್ಡ ತೊಡಕು.

ಉರಿಯೂತದ ದೃಷ್ಟಿಯಿಂದ ಒಂದು ಗಮನಿಸುವ ವಿಷಯ. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ. 2008ರ ಜುಪಿಟರ್ ಅಧ್ಯಯನದಲ್ಲಿ ರೊಸುವಾಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಅರ್ಧ ಇಳಿಸಿತು, ಸಿಆರ್‌ಪಿಯನ್ನು 37 ಶೇಕಡಾ. ಅಲಿರೋಕುಮಾಬ್ ಗುಂಪಿನ ಇಂಜೆಕ್ಷನ್ ಎಲ್‌ಡಿಎಲ್ ಅನ್ನು ಅಷ್ಟೇ ಜೋರಾಗಿ ಇಳಿಸಿದರೂ ಸಿಆರ್‌ಪಿ ಇದ್ದಲ್ಲೇ ಇರುತ್ತದೆ, ಆದರೂ ಹಾರ್ಟ್ ಅಟ್ಯಾಕ್ ಕಡಿಮೆಯಾಗುತ್ತದೆ. ಸಿಆರ್‌ಪಿ ಒಂದನ್ನೇ ನೋಡಿ ಚಿಕಿತ್ಸೆಗೆ ಮಾರ್ಕು ಕೊಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಸೆಶನ್ ನಡೆಯುತ್ತಿದೆ ಅಂತ ಸ್ಟ್ಯಾಟಿನ್ ಬಿಡುವವರೂ ಇದ್ದಾರೆ, ಬಿಡಬೇಡಿ, ಎರಡೂ ಬೇಕು.

ಒಳ್ಳೆ ಕೊಲೆಸ್ಟ್ರಾಲ್, ರೋಗನಿರೋಧಕ ಶಕ್ತಿ ಎಲ್ಲ ಹೋಗಿಬಿಡುತ್ತದಾ?

ಎಚ್‌ಡಿಎಲ್ ಸ್ವಲ್ಪ ಇಳಿಯುತ್ತದೆ, ಬೇಗ ವಾಪಸ್ ಬರುತ್ತದೆ. ಆಯ್ದು ತೆಗೆಯುವ ಕಾಲಮ್ಮುಗಳಲ್ಲಿ ಪ್ರತಿಕಾಯಗಳು ಹೋಗುವುದು ಕಡಿಮೆ. ಡಬಲ್ ಫಿಲ್ಟ್ರೇಶನ್, ಪ್ಲಾಸ್ಮಾ ಎಕ್ಸ್‌ಚೇಂಜ್‌ನಲ್ಲಿ ಜಾಸ್ತಿ ಹೋಗುತ್ತವೆ. ಹಾಗಾಗಿ ಲಸಿಕೆ ಯಾವ ದಿನ ಹಾಕಿಸಬೇಕು ಅಂತ ಮೊದಲೇ ಕೇಳಿ. ವರ್ಷಗಟ್ಟಲೆ ಮಾಡಿಸುವವರಲ್ಲಿ ರಕ್ತಹೀನತೆ, ಕಬ್ಬಿಣದ ಕೊರತೆ ಬರುವುದುಂಟು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಸಂಗ್ರಹ ಇದೆ ಅಂತ ತೋರಿಸುವ ಟೆಸ್ಟ್) ಕೂಡ ನೋಡಿಸಿ. ಆದರೆ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ, ಅದನ್ನು ಸಿಆರ್‌ಪಿ ಜೊತೆ ಇಟ್ಟು ಓದಬೇಕು.

ಅರಿಶಿನ, ಮೀನು, ತೆಂಗಿನೆಣ್ಣೆ?

ಅಡುಗೆಯಲ್ಲಿ ಅರಿಶಿನ ಧಾರಾಳ ಹಾಕಿ. ಅರಿಶಿನದ ಕ್ಯಾಪ್ಸೂಲ್ ಬೇರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಬಂಗುಡೆ, ಬೂತಾಯಿ ಒಳ್ಳೆಯದು, ಸಾರು ಮಾಡಿ, ಕಾಯಿಸುವುದು ಕಡಿಮೆ ಮಾಡಿ. ತೆಂಗಿನೆಣ್ಣೆಯ ವಿಷಯದಲ್ಲಿ ನಮ್ಮೂರಿನವರಿಗೆ ಬೇಸರವಾಗಬಹುದು, ಅದು ಎಲ್‌ಡಿಎಲ್ ಏರಿಸುತ್ತದೆ. ಬೇರೆಯವರಿಗೆ ಹೇಗೋ ನಡೆದೀತು, ಈ ಕಾಯಿಲೆ ಇರುವವರು ದಿನನಿತ್ಯ ಅದರಲ್ಲೇ ಅಡುಗೆ ಮಾಡಬಾರದು. ಕೋರಿ ರೊಟ್ಟಿ, ನೀರ್‌ದೋಸೆಯ ಜೊತೆಗೆ ದಪ್ಪ ತೆಂಗಿನಹಾಲಿನ ಗಸಿ ಹಬ್ಬಕ್ಕೆ ಮಾತ್ರ. ಊಟದ ಪಥ್ಯದಿಂದ ಎಲ್‌ಡಿಎಲ್ ಸ್ವಲ್ಪವೇ ಇಳಿಯುವುದು, ಆದರೆ ಆ ಸ್ವಲ್ಪವೂ ಲೆಕ್ಕಕ್ಕಿದೆ.

ಈ ಚಿಕಿತ್ಸೆಯಿಂದ ಆಯಸ್ಸು ನಿಜವಾಗಿ ಹೆಚ್ಚುತ್ತದಾ?

1985ರಲ್ಲಿ ಬ್ರಿಟನ್ನಿನ ಡಾಕ್ಟರುಗಳು ಪ್ಲಾಸ್ಮಾ ಎಕ್ಸ್‌ಚೇಂಜ್ ಪಡೆದ ರೋಗಿಗಳನ್ನು, ಅದೇ ಕಾಯಿಲೆ ಇದ್ದು ಈ ಚಿಕಿತ್ಸೆ ಸಿಗದ ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿ ಬರೆದರು. ಚಿಕಿತ್ಸೆ ಪಡೆದವರು ಹೆಚ್ಚು ವರ್ಷ ಬದುಕಿದ್ದರು. ಒಂದೇ ಅಪ್ಪ ಅಮ್ಮನ ಮಕ್ಕಳು. ಅದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿತು. 2014ರ ಯುರೋಪಿನ ತಜ್ಞರ ಸಲಹೆ ಪ್ರಕಾರ ಇಬ್ಬರಿಂದಲೂ ಜೀನ್ ಬಂದ ಮಕ್ಕಳಿಗೆ ಸಾಧ್ಯವಾದರೆ 5 ವರ್ಷಕ್ಕೆ, ಹೆಚ್ಚೆಂದರೆ 8 ವರ್ಷದೊಳಗೆ ಶುರು ಮಾಡಬೇಕು. ದೊಡ್ಡವನಾಗಲಿ, ಆಮೇಲೆ ನೋಡುವಾ ಅಂತ ಕಾಯುವ ಕಾಯಿಲೆ ಇದಲ್ಲ.

ಮನೆಯ ಉಳಿದವರಿಗೂ ಪರೀಕ್ಷೆ ಬೇಕಾ?

ಬೇಕು. ಅಪ್ಪ, ಅಮ್ಮ, ಅಣ್ಣ, ತಂಗಿ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಒಂದು ಲಿಪಿಡ್ ಪ್ರೊಫೈಲ್. ದುಬೈಯಲ್ಲಿರುವವರಿಗೂ ಫೋನ್ ಮಾಡಿ ಹೇಳಿ. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನ ಮಗಳನ್ನು, ಅತ್ತೆಯ ಮಗನನ್ನು ಮದುವೆಯಾಗುವ ಪದ್ಧತಿ ಇರುವ ಮನೆಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಜಾತಕ ನೋಡುವ ಹೊತ್ತಿಗೆ ಒಂದು ಲಿಪಿಡ್ ರಿಪೋರ್ಟ್ ಕೂಡ ನೋಡಿ.

ನಮ್ಮ ಕಡೆ ಎಲ್ಲಿ ಕೇಳಬೇಕು?

ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಾರ್ಡಿಯಾಲಜಿ, ನೆಫ್ರಾಲಜಿ, ರಕ್ತನಿಧಿ ವಿಭಾಗಗಳನ್ನು ವಿಚಾರಿಸಿ. "ಕೊಲೆಸ್ಟ್ರಾಲ್‌ಗೆ ಅಫೆರೆಸಿಸ್ ಮಾಡ್ತೀರಾ" ಅಂತ ಮಾತ್ರ ಕೇಳಿದರೆ ಕೌಂಟರಿನಲ್ಲಿ ಇಲ್ಲ ಅನ್ನಬಹುದು. ಪ್ಲಾಸ್ಮಾ ಎಕ್ಸ್‌ಚೇಂಜ್, ಡಬಲ್ ಫಿಲ್ಟ್ರೇಶನ್ ಆಗುತ್ತದಾ ಅಂತಲೂ ಕೇಳಿ. ಯಾವ ವಿಧಾನ, ಎಷ್ಟು ಖರ್ಚು, ಫಿಲ್ಟರಿನ ಖರ್ಚು ಬೇರೆಯಾ, ಇನ್ಶೂರೆನ್ಸ್ ಒಪ್ಪುತ್ತದಾ, ಬರೆಸಿಕೊಂಡು ಬನ್ನಿ.

ಮಳೆಗಾಲದಲ್ಲಿ ಜ್ವರ ಬಂದರೆ ಸೆಶನ್‌ಗೆ ಹೋಗಬೇಕಾ, ಬೇಡವಾ?

ಜೂನ್ ಬಂತೆಂದರೆ ನಮ್ಮಲ್ಲಿ ಡೆಂಗ್ಯೂ, ಮಲೇರಿಯಾ, ಇಲಿ ಜ್ವರ ಮೂರೂ ಇರುತ್ತವೆ. ಜ್ವರ ಇರುವಾಗ ಸಿಆರ್‌ಪಿ 50, 100 ಅಂತ ಬಂದರೆ ಅದಕ್ಕೂ ಕೊಲೆಸ್ಟ್ರಾಲಿಗೂ ಸಂಬಂಧ ಇಲ್ಲ, ಸೆಶನ್ ಮಾಡಿಸಿ ಇಳಿಸೋಣ ಅಂತಲೂ ಯೋಚಿಸಬೇಡಿ. ಮೊದಲು ಜ್ವರದ ಕಾರಣ ಗೊತ್ತಾಗಬೇಕು. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಬೀಳುತ್ತದೆ. ಸೆಶನ್ನಿನಲ್ಲಿ ಹೆಪಾರಿನ್ ಕೊಡುತ್ತಾರೆ, ಫೈಬ್ರಿನೋಜೆನ್ ಕೂಡ ಇಳಿಯುತ್ತದೆ. ಮೂರೂ ಸೇರಿದರೆ ರಕ್ತಸ್ರಾವದ ಭಯ. ಹಾಗಾಗಿ ಜ್ವರ ಶುರುವಾದ ದಿನವೇ ಅಫೆರೆಸಿಸ್ ಘಟಕಕ್ಕೆ ಫೋನ್ ಮಾಡಿ. ಹೊರಡುವ ದಿನ ಬೆಳಿಗ್ಗೆ ಹೇಳುವುದಲ್ಲ. ಕಂಪ್ಲೀಟ್ ಬ್ಲಡ್ ಕೌಂಟ್, ಡೆಂಗ್ಯೂ, ಮಲೇರಿಯಾ ಟೆಸ್ಟ್ ಮಾಡಿಸಿ. ಗದ್ದೆ, ತೋಟದ ನೀರಿನಲ್ಲಿ ಬರಿಗಾಲಲ್ಲಿ ಓಡಾಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಇಲಿ ಜ್ವರದ ಅನುಮಾನ ಬರುವುದು ಆ ಒಂದು ಮಾತಿನಿಂದ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್ ಥರದ್ದು ಕೊಡಬೇಡಿ. ಈ ರೋಗಿಗಳಲ್ಲಿ ಎಷ್ಟೋ ಜನ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ, ಡೆಂಗ್ಯೂ ಅನುಮಾನ ಇದ್ದರೆ ಅದನ್ನು ಮುಂದುವರಿಸುವುದಾ ನಿಲ್ಲಿಸುವುದಾ ಅಂತ ಹೃದಯದ ಡಾಕ್ಟರ ಹತ್ತಿರವೇ ಕೇಳಿ, ಸ್ಟೆಂಟ್ ಹಾಕಿದವರು ತಾವಾಗಿ ನಿಲ್ಲಿಸಿದರೆ ಅದೂ ಅಪಾಯ.

ಸೆಶನ್ ಮುಂದೆ ಹೋದರೆ ಆಗಲೇ ಮುಂದಿನ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. ಘಟ್ಟದ ಮೇಲಿಂದ ಬರುವವರು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಕುಸಿದು ರಸ್ತೆ ಬಂದ್ ಆಗುವ ದಿನಗಳನ್ನು ನೆನಪಿಟ್ಟು, ಸಾಧ್ಯವಾದರೆ ಒಂದು ದಿನ ಮೊದಲೇ ಮಂಗಳೂರಿಗೆ ಬಂದು ಉಳಿಯಿರಿ.